ಒಂದೇ ಹೆಸರಿನ ಇಬ್ಬರು ವೈದ್ಯರು: ನೋಂದಣಿ ದಾಖಲೆ ಯಾರದೆಂದು ತಿಳಿಯುವುದು ಹೇಗೆ?

ಪ್ರಶ್ನೆ

ನಮ್ಮ ತಾಯಿಯವರ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದು, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದು ಗೊತ್ತುಮಾಡಿದ್ದೇವೆ. ವೈದ್ಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ರಮೇಶ, ಮಂಜುನಾಥ, ಪ್ರಕಾಶ ಎಂಬಷ್ಟೇ ಸಾಮಾನ್ಯವಾದ ಹೆಸರು, ಅದರ ಮುಂದೆ ಎರಡು ಇನಿಷಿಯಲ್‌ಗಳು ಎಂದಿಟ್ಟುಕೊಳ್ಳಿ. ಅದೇ ಹೆಸರಿನ ವೈದ್ಯರೊಬ್ಬರ ನೋಂದಣಿಯನ್ನು ವೈದ್ಯಕೀಯ ಪರಿಷತ್ತು ಕೆಲವು ವರ್ಷಗಳ ಹಿಂದೆ ಅಮಾನತಿನಲ್ಲಿಟ್ಟಿತ್ತೆಂಬ ಪತ್ರಿಕೆಯ ತುಣುಕೊಂದನ್ನು ಕಳೆದ ವಾರ ಬಂಧುಗಳೊಬ್ಬರು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದರು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಹುಡುಕಿದರೆ ಆ ಹೆಸರಿನವರು ಪುಟಗಟ್ಟಲೆ ಇದ್ದಾರೆ. ಇವರು ಕೆಲಕಾಲ ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ್ದರೆಂದು ಆಸ್ಪತ್ರೆಯ ಫಲಕದಲ್ಲಿದೆ. ನಿರಪರಾಧಿಯೊಬ್ಬರನ್ನು ಅನುಮಾನಿಸಲು ನನಗೆ ಮನಸ್ಸಿಲ್ಲ. ಹಾಗೆಂದು ತಾಯಿಯ ವಿಷಯದಲ್ಲಿ ಕಣ್ಣು ಮುಚ್ಚಿ ಕೂರುವುದೂ ಆಗದು. ದಾರಿ ತಿಳಿದವರು ಹೇಳಿ.

ಉತ್ತರ 1 (ಆಸ್ಪತ್ರೆಯೊಂದರಲ್ಲಿ ವೈದ್ಯರ ದಾಖಲೆಗಳನ್ನು ಪರಿಶೀಲಿಸುತ್ತಿದ್ದವರು)

ಹೆಸರಿನಿಂದ ಹುಡುಕುವುದನ್ನು ಬಿಟ್ಟು ನೋಂದಣಿ ಸಂಖ್ಯೆಯಿಂದ ಆರಂಭಿಸಿ. ಅದನ್ನು ಪಡೆಯಲು ವೈದ್ಯರನ್ನು ಕೇಳಬೇಕಾಗಿಯೂ ಇಲ್ಲ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಾವಳಿಯ ಪ್ರಕಾರ ರಾಜ್ಯ ಪರಿಷತ್ತು ನೀಡಿದ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿ ಪ್ರದರ್ಶಿಸಬೇಕು ಮತ್ತು ಔಷಧ ಚೀಟಿ, ಪ್ರಮಾಣಪತ್ರ, ಹಣದ ರಸೀದಿಗಳಲ್ಲಿ ನಮೂದಿಸಬೇಕು. ನಿಮ್ಮ ತಾಯಿಯವರ ಹಳೆಯ ಚೀಟಿಯನ್ನೇ ತೆಗೆದು ನೋಡಿ.

ಆದರೆ ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಸಂಖ್ಯೆಯನ್ನು ಕೊಡುವುದು ಆಯಾ ರಾಜ್ಯದ ಪರಿಷತ್ತಾದ್ದರಿಂದ, ಕರ್ನಾಟಕದಲ್ಲಿ ಒಬ್ಬರಿಗಿರುವ ಸಂಖ್ಯೆಯೇ ಮಹಾರಾಷ್ಟ್ರದಲ್ಲಿ ಇನ್ನೊಬ್ಬರಿಗೆ ಇರಬಹುದು. ಬೇರೆ ರಾಜ್ಯಕ್ಕೆ ಹೋಗಿ ಅಲ್ಲಿಯೂ ನೋಂದಾಯಿಸಿಕೊಂಡ ಒಬ್ಬರೇ ವೈದ್ಯರಿಗೆ ಎರಡು ಸಂಖ್ಯೆಗಳೂ ಇರಬಹುದು. ಆದ್ದರಿಂದ ಸಂಖ್ಯೆ ಮತ್ತು ಪರಿಷತ್ತಿನ ಹೆಸರನ್ನು ಒಟ್ಟಿಗೆ ಓದಬೇಕು. ಹಿರಿಯ ವೈದ್ಯರನ್ನು ಹುಡುಕುವವರಿಗೆ ಇನ್ನೊಂದು ಮಾತು: 1973ರಲ್ಲಿ ರಾಜ್ಯದ ಹೆಸರು ಬದಲಾಗುವ ಮೊದಲು ನೋಂದಾಯಿಸಿಕೊಂಡವರ ವಿವರ ಮೈಸೂರು ಪರಿಷತ್ತಿನ ಹೆಸರಿನಡಿ ಸಿಗುವುದುಂಟು.

ಬಳಿಕ ತಂದೆಯ ಹೆಸರು, ಪದವಿ ಪಡೆದ ವರ್ಷ ಮತ್ತು ವಿಶ್ವವಿದ್ಯಾಲಯವನ್ನು ನೋಡಿ. ನನ್ನ ಅನುಭವದಲ್ಲಿ ಗೊಂದಲವನ್ನು ಬಿಡಿಸುವುದು ಹೆಚ್ಚಾಗಿ ಈ ಕೊನೆಯ ಎರಡೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1996ರಲ್ಲಿ. ಅದಕ್ಕೆ ಮೊದಲು ಹುಬ್ಬಳ್ಳಿಯಲ್ಲಿ ಓದಿದವರ ಪದವಿ ಕರ್ನಾಟಕ ವಿಶ್ವವಿದ್ಯಾಲಯದ್ದು, ಬೆಂಗಳೂರಿನಲ್ಲಿ ಓದಿದವರದು ಬೆಂಗಳೂರು ವಿಶ್ವವಿದ್ಯಾಲಯದ್ದು. ಐವತ್ತೈದು ದಾಟಿದ ವೈದ್ಯರ ಎಂಬಿಬಿಎಸ್ ಪದವಿಯ ಎದುರು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹೆಸರು ಕಂಡರೆ, ನೀವು ಬೇರೊಬ್ಬರ ದಾಖಲೆಯನ್ನು ತೆರೆದಿರುವ ಸಾಧ್ಯತೆಯೇ ಹೆಚ್ಚು.

ತಂದೆಯ ಹೆಸರನ್ನು ಮಾತ್ರ ಎಚ್ಚರದಿಂದ ಬಳಸಿ. ವಿವಾಹದ ನಂತರ ನೋಂದಾಯಿಸಿಕೊಂಡ ವೈದ್ಯೆಯರ ದಾಖಲೆಯಲ್ಲಿ ಆ ಜಾಗದಲ್ಲಿ ಗಂಡನ ಹೆಸರಿರಬಹುದು. ನಮ್ಮವರ ಇನಿಷಿಯಲ್‌ಗಳಂತೂ ಒಂದು ಕಡೆ ಊರು, ತಂದೆಯ ಹೆಸರುಗಳಾಗಿ ಬಿಡಿಸಿಕೊಂಡು ಮುಂದೆ ಬಂದಿರುತ್ತವೆ, ಇನ್ನೊಂದು ಕಡೆ ಹೆಸರಿನ ಹಿಂದೆ ಹೋಗಿರುತ್ತವೆ. ಕನ್ನಡದಲ್ಲಿ ಒಂದೇ ಆಗಿರುವ ‘ಮಂಜುನಾಥ’ ರೋಮನ್ ಲಿಪಿಯಲ್ಲಿ ಕೊನೆಯ ಅಕಾರ ಇದ್ದೂ ಇಲ್ಲದೆಯೂ ದಾಖಲಾಗಿರುತ್ತದೆ.

ಉತ್ತರ 2

ಮೇಲಿನ ವಿವರಣೆಗೆ ನಾನು ಸೇರಿಸುವುದು ನಮ್ಮ ಮನೆಯ ನೋವನ್ನು. ನನ್ನ ಅಣ್ಣ ಸಣ್ಣ ಊರೊಂದರಲ್ಲಿ ಮಕ್ಕಳ ವೈದ್ಯ. ಮತ್ತೊಂದು ಜಿಲ್ಲೆಯಲ್ಲಿದ್ದ, ಅವನದೇ ಹೆಸರಿನ ವೈದ್ಯರೊಬ್ಬರ ಮೇಲೆ ದೂರು ದಾಖಲಾದ ಸುದ್ದಿ ಬಂದಾಗ, ಅಣ್ಣನ ಚಿಕಿತ್ಸಾಲಯದ ಚಿತ್ರವನ್ನು ಅದಕ್ಕೆ ಜೋಡಿಸಿ ಯಾರೋ ಹಂಚಿದರು. ಹದಿನೈದು ವರ್ಷಗಳಿಂದ ಮಕ್ಕಳನ್ನು ಕರೆತರುತ್ತಿದ್ದ ಮನೆಗಳವರೇ ಬರುವುದನ್ನು ನಿಲ್ಲಿಸಿದರು. ಅವನು ತನ್ನ ನೋಂದಣಿ ಪ್ರಮಾಣಪತ್ರವನ್ನು ಬಾಗಿಲ ಬಳಿಯೇ ತೂಗುಹಾಕಿ, ಕೇಳಿದವರಿಗೆಲ್ಲ ಸಂಖ್ಯೆಯನ್ನು ತೋರಿಸುತ್ತ ತಿಂಗಳುಗಳನ್ನು ಕಳೆದ. ಆದ್ದರಿಂದ ನೀವು ವೈದ್ಯರನ್ನು ನೇರವಾಗಿ ಕೇಳಿದರೆ ಅದು ಅವರಿಗೆ ಮಾಡುವ ಅವಮಾನವೆಂದು ಭಾವಿಸಬೇಡಿ. ನನ್ನ ಅಣ್ಣನಿಗೆ ಬೇಕಾಗಿದ್ದುದು ಹಾಗೆ ಎದುರು ನಿಂತು ಕೇಳುವವರು.

ಉತ್ತರ 3 (ಬರ್ಮಿಂಗ್‌ಹ್ಯಾಮ್‌ನಿಂದ)

ಇಂಗ್ಲೆಂಡಿನ ಅನುಭವದ ಮಾತನ್ನು ಪರಿಶೀಲಿಸುವುದು ಸುಲಭ. ಇಲ್ಲಿ ನೋಂದಾಯಿತರಾದ ಪ್ರತಿ ವೈದ್ಯರಿಗೂ ಜನರಲ್ ಮೆಡಿಕಲ್ ಕೌನ್ಸಿಲ್ ಏಳು ಅಂಕಿಗಳ ಸಂಖ್ಯೆಯನ್ನು ನೀಡುತ್ತದೆ, ಮತ್ತು ಇಡೀ ದೇಶಕ್ಕೆ ಒಂದೇ ಪಟ್ಟಿಯಿರುವುದರಿಂದ ಆ ಸಂಖ್ಯೆ ಮತ್ತೊಬ್ಬರಿಗೆ ಇರುವುದಿಲ್ಲ. ಪಟ್ಟಿ ಸಾರ್ವಜನಿಕವಾಗಿದೆ. ಅದರಲ್ಲಿ ಮೂಲ ವೈದ್ಯಕೀಯ ಪದವಿಯ ವರ್ಷವೂ ವಿಶ್ವವಿದ್ಯಾಲಯವೂ ಇರುತ್ತವೆಯಾದ್ದರಿಂದ, ಅವು ಭಾರತದ ದಾಖಲೆಯೊಂದಿಗೆ ಹೊಂದಿದರೆ ಇಬ್ಬರೂ ಒಬ್ಬರೇ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಒಂದು ವ್ಯತ್ಯಾಸ ತಿಳಿದಿರಲಿ: 2009ರಿಂದ ಇಲ್ಲಿ ನೋಂದಣಿ ಬೇರೆ, ವೃತ್ತಿ ನಡೆಸುವ ಪರವಾನಗಿ ಬೇರೆ. ತಾಯ್ನಾಡಿಗೆ ಮರಳಿದವರ ಹೆಸರಿನ ಮುಂದೆ ಪರವಾನಗಿ ಇಲ್ಲವೆಂದು ಕಂಡರೆ ಅದನ್ನು ಶಿಕ್ಷೆಯೆಂದು ಓದಬಾರದು, ತಾವಾಗಿಯೇ ಬಿಟ್ಟುಕೊಟ್ಟಿರಬಹುದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ಚೀಟಿಯ ಮೇಲೆ ಸಂಖ್ಯೆ ಇತ್ತು. ಪತ್ರಿಕೆಯಲ್ಲಿ ಹೆಸರಷ್ಟೇ ಇದ್ದುದರಿಂದ, ನನ್ನ ತಮ್ಮ ರಾಜ್ಯ ಪರಿಷತ್ತಿನ ಕಚೇರಿಗೆ ಹೋಗಿ ಅಮಾನತಿನ ಆದೇಶದಲ್ಲಿದ್ದ ಸಂಖ್ಯೆಯನ್ನು ತಿಳಿದುಕೊಂಡು ಬಂದ. ಎರಡೂ ಬೇರೆ ಬೇರೆ. ಪದವಿಯ ವರ್ಷಗಳ ನಡುವೆ ಹನ್ನೊಂದು ವರ್ಷಗಳ ಅಂತರವಿದೆ. ಇನಿಷಿಯಲ್‌ಗಳಲ್ಲಿ ಒಂದು ಮಾತ್ರ ಇಬ್ಬರಿಗೂ ಸಮಾನ. ಇಂಗ್ಲೆಂಡಿನ ಪಟ್ಟಿಯಲ್ಲಿ ಸಿಕ್ಕ ಪದವಿಯ ವಿವರವೂ ನಮ್ಮ ವೈದ್ಯರದಕ್ಕೆ ಹೊಂದಿತು.

ಆಯೋಗದ ಪಟ್ಟಿಯಲ್ಲಿ ಅವರ ಎಂ.ಎಸ್. ಪದವಿ ಕಾಣಲಿಲ್ಲವಾದ್ದರಿಂದ, ಎರಡನೆಯ ಉತ್ತರವನ್ನು ಓದಿದ ಧೈರ್ಯದಿಂದ ಅವರನ್ನೇ ಕೇಳಿದೆ. ಅವರು ಸ್ವಲ್ಪವೂ ಬೇಸರಿಸದೆ ಹೆಚ್ಚುವರಿ ಪದವಿಯ ನೋಂದಣಿ ಪತ್ರವನ್ನು ತರಿಸಿ ತೋರಿಸಿದರು. ಕೇಂದ್ರದ ಪಟ್ಟಿಯಲ್ಲಿ ಅದು ಇನ್ನೂ ಸೇರಿಲ್ಲವಷ್ಟೆ. ಎರಡೂ ಸಂಖ್ಯೆಗಳನ್ನು ಬಂಧುಗಳಿಗೆ ಬರೆದು, ತುಣುಕನ್ನು ಹಾಕಿದ್ದ ಗುಂಪಿನಲ್ಲಿಯೇ ಇದನ್ನೂ ಹಾಕಬೇಕೆಂದು ಕೇಳಿಕೊಂಡೆ. ನಿನ್ನೆ ರಾತ್ರಿ ಹಾಕಿದ್ದಾರೆ.