ಮಗ ಟೂಲ್ ರೂಮ್ ಅಂತಾನೆ, ಯಜಮಾನರು ಬಿಇ ಅಂತಾರೆ

ಲಗ್ಗೆರೆಯ ಓದುಗರೊಬ್ಬರ ಸಮಸ್ಯೆ: ಮಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ಮಾಡುವ ಟೂಲ್ ರೂಮ್ ಕೆಲಸ) ಡಿಪ್ಲೊಮಾ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ಯಜಮಾನರದ್ದು ಒಂದೇ ಮಾತು, ಪಿಯುಸಿ ಮಾಡಿ ಎಂಜಿನಿಯರಿಂಗ್ ಓದಲಿ ಅಂತ. ಮನೆಯಲ್ಲಿ ದಿನಾ ಜಗಳ. ಏನು ಮಾಡಲಿ?

*

ಅಕ್ಕಾ, ನಾನು ಐಟಿಐ ಫಿಟ್ಟರ್. ಪೀಣ್ಯದಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಲಿಯುವಾಗ ಮೊದಲ ಕೆಲವು ತಿಂಗಳು ನಮ್ಮ ಕೈಗೆ ಕೊಟ್ಟಿದ್ದು ಒಂದು ಅರ, ಒಂದು ಕಬ್ಬಿಣದ ತುಂಡು, ಅಷ್ಟೇ. ಉಜ್ಜು, ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿ, ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಇಬ್ಬರು ಅಲ್ಲಿಗೇ ಬಿಟ್ಟು ಹೋದರು.

ಈಗ ಎಲ್ಲ ಸಿಎನ್‌ಸಿ, ವಿಎಂಸಿ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಮೆಷಿನ್ನುಗಳು. ಆದರೂ 0.01 ಮಿಲಿಮೀಟರ್ ಅಂದರೆ ಎಷ್ಟು ಅಂತ ಕೈಗೆ ಗೊತ್ತಿಲ್ಲದವನು ಬಟನ್ ಒತ್ತುತ್ತಲೇ ಇರುತ್ತಾನೆ. ನಮ್ಮ ಶಾಪಿನಲ್ಲಿ ನೋಡುತ್ತಿದ್ದೇನಲ್ಲ, ಪ್ರೋಗ್ರಾಂ ಬರೆದು ಸೆಟ್ಟಿಂಗ್ ಮಾಡುವ ಹುಡುಗ ಬಿಟ್ಟು ಹೋದರೆ ಓನರ್ ತಾವೇ ಫೋನ್ ಮಾಡಿ ವಾಪಸ್ ಕರೆಯುತ್ತಾರೆ. ಸುಮ್ನೆ ಮೆಷಿನ್ನಿಗೆ ಜಾಬ್ (ಕೊರೆಯಬೇಕಾದ ತುಂಡು) ಹಾಕಿ ತೆಗೆಯುವವನನ್ನು ಕಾಂಟ್ರಾಕ್ಟ್ ಮುಗಿದ ದಿನವೇ ಕಳಿಸುತ್ತಾರೆ. ಹಾಗಾಗಿ ಎಲ್ಲಿ ಕಲಿಯುತ್ತಾನೆ ಅನ್ನುವುದನ್ನು ನೋಡಿ. ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾದದ್ದು. ಅಲ್ಲಿ ಈ ಡಿಪ್ಲೊಮಾಗೆ ಮೂರು ವರ್ಷ ಕಲಿಕೆ, ಆಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ಕೆಲಸ. ಬಿಇ ಹಾಗೆ ಇದೂ ನಾಲ್ಕು ವರ್ಷವೇ ಅಲ್ವಾ! ಯಜಮಾನರಿಗೆ ಹೇಳಿ.

ಫೀಸು ಕಟ್ಟುವ ಮುಂಚೆ ಹುಡುಗ ಒಂದೆರಡು ದಿನ ಯಾವುದಾದರೂ ಶಾಪಿನಲ್ಲಿ ನಿಂತು ನೋಡಲಿ. ಕೂಲೆಂಟ್ (ಮೆಷಿನ್ ತಂಪಾಗಿಸಲು ಸುರಿಯುವ ದ್ರವ) ವಾಸನೆ, ಎಂಟು ಗಂಟೆ ನಿಂತೇ ಇರುವುದು, ಇದೆಲ್ಲ ಒಗ್ಗಬೇಕು.
– ಫಿಟ್ಟರ್, ಪೀಣ್ಯ 2ನೇ ಹಂತ

*

ನನ್ನ ಕಥೆ ಬೇರೆ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಒಂದು ದೊಡ್ಡ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆದೆ. ವರ್ಷ ಮುಗಿಯುತ್ತಲೇ ಜಾಗ ಖಾಲಿ ಇಲ್ಲ ಅಂದರು. ಇನ್ನೊಂದು ಕಡೆ ಸೇರಿ 11 ವರ್ಷ ಆಯಿತು, ಅದೇ ಹುದ್ದೆ. ನಾನೇ ಪ್ಯಾನೆಲ್ ವೈರಿಂಗ್ ಹೇಳಿಕೊಟ್ಟ ಬಿಇ ಹುಡುಗ ಇವತ್ತು ನನ್ನ ರಜೆ ಚೀಟಿಗೆ ಸಹಿ ಹಾಕುತ್ತಾನೆ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟಿಲ್ಲ.

ಡಿಪ್ಲೊಮಾ ಮಾಡಿಸಿ, ಅಲ್ಲಿಗೇ ನಿಲ್ಲಿಸಬೇಡಿ. ಡಿಪ್ಲೊಮಾದವರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಐಟಿಐ ಮುಗಿಸಿದವರಿಗೂ ಡಿಪ್ಲೊಮಾ ಎರಡನೇ ವರ್ಷಕ್ಕೆ ದಾರಿ ಇದೆ. ನನಗೆ ಇದು ಗೊತ್ತಾಗುವ ಹೊತ್ತಿಗೆ ಮದುವೆಯಾಗಿ ಮಗುವೂ ಆಗಿತ್ತು.
– ಓದುಗ, ದಾಸರಹಳ್ಳಿ

*

ನಿಮ್ಮ ಯಜಮಾನರ ಹಾಗೇ ನಮ್ಮವರೂ ಹಟ ಮಾಡಿದರು. ನೆಲಮಂಗಲದ ಹತ್ತಿರದ ಸೈಟ್ ಮಾರಿ ಮಗನಿಗೆ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿದೆವು, ಕಂಪ್ಯೂಟರ್ ಸೈನ್ಸ್. ಆಫರ್ ಲೆಟರ್ ಬಂದು ಒಂಬತ್ತು ತಿಂಗಳಾಯಿತು, ಸೇರುವ ದಿನಾಂಕ ಬಂದಿಲ್ಲ. ಬೆಳಿಗ್ಗೆ ಎದ್ದು ಮೇಲ್ ನೋಡುತ್ತಾನೆ, ಲ್ಯಾಪ್‌ಟಾಪ್ ಮುಚ್ಚುತ್ತಾನೆ. ಕಾಫಿ ಕೊಡುವಾಗ ಅವನ ಮುಖ ನೋಡೋಕೆ ಆಗುವುದಿಲ್ಲ. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಮನೆಯಲ್ಲಿ ಕೂರುವುದಕ್ಕೂ ಡಿಗ್ರಿಗೇ ರೇಟು ಜಾಸ್ತಿ ನೋಡಿ!

ಹಾಗಂತ ಬಿಇ ಬೇಡ ಅನ್ನಲಾರೆ. ನಾಳೆ ಹೆಣ್ಣು ನೋಡಲು ಹೋದರೆ ಮೊದಲು ಕೇಳುವುದೇ ಅದನ್ನು. ಸೈಟ್ ಮಾತ್ರ ಮಾರಬೇಡಿ.
– ಗೃಹಿಣಿ, ಬನಶಂಕರಿ

*

ಹುಡುಗ ಹಟ ಹಿಡಿದಿದ್ದಾನೆ ಅಂತ ಬರೆದಿದ್ದೀರಿ. ಯಾಕೆ ಅಂತ ಬರೆದಿಲ್ಲ. ಸ್ನೇಹಿತ ಸೇರಿದ ಅಂತಲಾ, ಗಣಿತದ ಭಯವಾ? (ಟೂಲ್ ರೂಮಲ್ಲೂ ತ್ರಿಕೋನಮಿತಿ ಬಿಡುವುದಿಲ್ಲ, ಮೊದಲೇ ಹೇಳಿಬಿಡಿ.) ಮನೆಯಲ್ಲಿ ಎಂದಾದರೂ ಮಿಕ್ಸಿ ಬಿಚ್ಚಿದ್ದಾನಾ? ಬಿಚ್ಚಿದ್ದನ್ನು ವಾಪಸ್ ಜೋಡಿಸಿದ್ದಾನಾ? ತಿಳಿಸಿ.
– ನಿವೃತ್ತ ಶಿಕ್ಷಕಿ, ಮಲ್ಲೇಶ್ವರ