ಶುಗರ್‌ಗೆ ಮೆಂತ್ಯ, ಹಾಗಲ, ರಾಗಿ: ನಿಮ್ಮನೇಲಿ ಏನು ಕೈಹಿಡಿತು?

ಪ್ರಶ್ನೆ, ಮೈಸೂರಿನಿಂದ:
ಅಮ್ಮನಿಗೆ ಶುಗರ್, ಮೆಟ್‌ಫಾರ್ಮಿನ್ ತಗೋತಾರೆ. ಹಿತ್ತಲಲ್ಲಿರೋ ಇನ್ಸುಲಿನ್ ಗಿಡದ ಎಲೆ ಅಗಿದರೆ ಮಾತ್ರೆನೇ ಬೇಡ ಅಂತ ನೆಂಟರು ಹೇಳ್ತಿದ್ದಾರೆ. ಮೈಯಲ್ಲಿ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡೋ ಹಾಗೆ ಮಾಡೋ ಸೊಪ್ಪು, ಕಾಳು ಇದೆಯಾ? ಅನುಭವ ಇದ್ದೋರು ಹೇಳಿ.

ಮಂಡ್ಯದಿಂದ:
ದಯವಿಟ್ಟು ಮಾತ್ರೆ ಬಿಡಿಸಬೇಡಿ. ಮೆಟ್‌ಫಾರ್ಮಿನ್ ಮೂಲವೂ ಗಿಡವೇ. ಯುರೋಪಿನ ಗ್ಯಾಲೆಗಾ ಗಿಡದಲ್ಲಿರೋ ಗ್ಯಾಲೆಗಿನ್ ಸಕ್ಕರೆ ಇಳಿಸ್ತಿತ್ತು, ಆದರೆ ವಿಷ. ಅದೇ ಜಾತಿಯ ರಾಸಾಯನಿಕಗಳ ಪೈಕಿ 1922ರಲ್ಲಿ ತಯಾರಾದ ಮೆಟ್‌ಫಾರ್ಮಿನ್ ಹೆಚ್ಚು ಸುರಕ್ಷಿತ ಅಂತ ಗೊತ್ತಾಗಿ, 1957ರಲ್ಲಿ ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ಅದನ್ನ ಮಧುಮೇಹಿಗಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಅಳತೆ ಗೊತ್ತಿರೋ ಮಾತ್ರೆ ಬಿಟ್ಟು ಅಳತೆ ಗೊತ್ತಿಲ್ಲದ ಎಲೆ ನಂಬೋದು ನನಗಂತೂ ಸರಿ ಕಾಣಲ್ಲ.

ಊಟದ ಜೊತೆಗೆ ಅಂದರೆ ಮೆಂತ್ಯ. ನಮ್ಮಪ್ಪ ರಾತ್ರಿ ನೆನೆಹಾಕಿ ಬೆಳಗ್ಗೆ ನೀರು ಕುಡಿದು ಕಾಳನ್ನೂ ಅಗೀತಾರೆ. ನೆನೆದ ಕಾಳು ಬೆರಳಲ್ಲಿ ಉಜ್ಜಿ ನೋಡಿ, ಲೋಳೆ ಅಂಟುತ್ತೆ. ಅದು ಗ್ಯಾಲಾಕ್ಟೋಮ್ಯಾನನ್ ಅನ್ನೋ ನಾರು, ಊಟದ ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡುತ್ತೆ. ಕಾಳು ಎಸೆದರೆ ನಾರೂ ಹೋಯ್ತು. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪ್ರಯೋಗಗಳಲ್ಲಿ ಬಳಸಿದ್ದು ದಿನಕ್ಕೆ 25ರಿಂದ 100 ಗ್ರಾಂ. ನಮ್ಮ ಒಂದು ಚಮಚ ನಾಲ್ಕೈದು ಗ್ರಾಂ ಅಷ್ಟೆ. ಹಾಗಾಗಿ ಪವಾಡ ಕಾಯಬೇಡಿ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗಬಹುದು.

ಮೈಸೂರಿನಿಂದ, ಇನ್ನೊಬ್ಬರು:
ಹಾಗಲಕಾಯಿ ಪಲ್ಯ, ಗೊಜ್ಜು ಧಾರಾಳವಾಗಿ ಮಾಡಿ. ಖಾಲಿ ಹೊಟ್ಟೆಗೆ ಜ್ಯೂಸ್ ಮಾತ್ರ ಡಾಕ್ಟರನ್ನ ಕೇಳದೆ ಬೇಡ. ನಮ್ಮತ್ತೆ ಗ್ಲಿಮೆಪಿರೈಡ್ ಅನ್ನೋ ಇನ್ನೊಂದು ಶುಗರ್ ಮಾತ್ರೆ ಜೊತೆ ಕುಡಿದು, ತಿಂಡಿ ತಡವಾಗಿ, ಮೈಯೆಲ್ಲ ಬೆವರಿ ಕೈ ನಡುಗಿ ಕೂತುಬಿಟ್ಟರು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳೋರಿಗೆ ಸಕ್ಕರೆ ಹೀಗೆ ತೀರಾ ಇಳಿಯೋ ಅಪಾಯ ಕಡಿಮೆ, ಆದರೂ ಹೇಳೇ ಶುರುಮಾಡಿ.

ಮದ್ದೂರಿನಿಂದ:
ಪಿಷ್ಟ ಸಕ್ಕರೆಯಾಗೋದನ್ನ ನಿಧಾನ ಮಾಡಬಲ್ಲ ಪಾಲಿಫಿನಾಲ್ ಅನ್ನೋ ಅಂಶಗಳು ರಾಗಿಯಲ್ಲಿ ಹೆಚ್ಚಾಗಿ ಇರೋದು ಸಿಪ್ಪೆಯಲ್ಲಿ. ಹಿಟ್ಟು ನುಣ್ಣಗೆ ಜರಡಿ ಹಿಡಿದು ತೌಡು ಎಸೀಬೇಡಿ. ಹಾಗಂತ ಎರಡೆರಡು ಮುದ್ದೆ ಸಲ್ಲದು, ರಾಗಿಯಲ್ಲೂ ಹೆಚ್ಚಿನ ಪಾಲು ಪಿಷ್ಟವೇ. ಸಣ್ಣದೊಂದು ಮುದ್ದೆ, ಬಸ್ಸಾರು, ಬಸಿದ ಸೊಪ್ಪು-ಕಾಳಿನ ಪಲ್ಯ ತಟ್ಟೆ ತುಂಬ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಬೇಡ. ಊಟವಾಗಿ ಎರಡು ಗಂಟೆಗೆ ಮನೆ ಮೀಟರಲ್ಲಿ ನೋಡಿ ಬರೆದಿಡಿ, ಒಂದು ದಿನ ಅನ್ನ, ಒಂದು ದಿನ ಮುದ್ದೆ. ಅಮ್ಮನ ಮೈಗೆ ಯಾವುದು ಒಗ್ಗುತ್ತೆ ಅಂತ ಡಾಕ್ಟರಿಗೆ ತೋರಿಸೋಕೂ ಆಗುತ್ತೆ.