ಹೊಸ ಕಾರಲ್ಲಿ ಸರ್ಕಾರದ ಕಿಲ್ ಸ್ವಿಚ್ ಇದೆಯಾ? ಎಲೆಕ್ಟ್ರಿಷಿಯನ್ ಯೋಗೇಶ್‌ಗೆ ನಿಮ್ಮ ಪ್ರಶ್ನೆ

ಅಡ್ಮಿನ್: ಎರಡು ದಿನದಿಂದ ಗುಂಪಿನಲ್ಲಿ ಒಂದೇ ಫಾರ್ವರ್ಡ್ ಸುತ್ತುತ್ತಿದೆ. "ಎಲ್ಲ ಹೊಸ ಕಾರಿಗೂ ಸರ್ಕಾರ ಕಿಲ್ ಸ್ವಿಚ್ ಹಾಕಿಸುತ್ತಿದೆ, ಪೊಲೀಸರು ಕೂತಲ್ಲೇ ಬಟನ್ ಒತ್ತಿದರೆ ಗಾಡಿ ನಿಲ್ಲುತ್ತದೆ, ಎಲ್ಲರಿಗೂ ಕಳಿಸಿ" ಅಂತ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ನಮ್ಮ ಯೋಗೇಶ್ ಇವತ್ತು ಉತ್ತರ ಕೊಡುತ್ತಾರೆ. ವಿಷಯದ ಮೇಲೆ ಮಾತ್ರ ಕೇಳಿ. ಗಾಡಿ ಮಾರುವ ಪೋಸ್ಟ್ ಬೇಡ.

ಸುರೇಶ್ (ಕುವೆಂಪುನಗರ): ನಮಸ್ಕಾರ ಯೋಗೇಶ್ ಅವರೇ. ದಸರಾಕ್ಕೆ ಅಂತ ಕಾರು ಬುಕ್ ಮಾಡಿದ್ದೇನೆ. ಇದನ್ನು ಓದಿ ಮನೆಯವರು ಕ್ಯಾನ್ಸಲ್ ಮಾಡಿ ಅಂತಿದ್ದಾರೆ. ನಿಜಾನಾ?

ಯೋಗೇಶ್: ನಮಸ್ಕಾರ ಸಾರ್. ಕ್ಯಾನ್ಸಲ್ ಮಾಡಬೇಡಿ. ಆ ಫಾರ್ವರ್ಡ್ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ 2021ರ ನವೆಂಬರ್‌ನಲ್ಲಿ ಒಂದು ದೊಡ್ಡ ಮೂಲಸೌಕರ್ಯ ಕಾಯ್ದೆ ಬಂತು. ಅದರ ಒಂದು ಸೆಕ್ಷನ್ ಪ್ರಕಾರ, ಡ್ರೈವರ್ ಕುಡಿದಿದ್ದಾನಾ, ಓಡಿಸುವ ಸ್ಥಿತಿಯಲ್ಲಿ ಇದ್ದಾನಾ ಎಂದು ಹೊಸ ಕಾರೇ ಗಮನಿಸಬೇಕು. ಆ ಸ್ಥಿತಿಯಲ್ಲಿ ಇಲ್ಲದಿದ್ದರೆ ಓಡಿಸಲು ಬಿಡಬಾರದು. ಅದನ್ನು ಹೇಗೆ ಮಾಡಬೇಕು ಎನ್ನುವ ನಿಯಮವನ್ನು ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಮೂರು ವರ್ಷದೊಳಗೆ ತರಬೇಕಿತ್ತು. 2024ರ ನವೆಂಬರ್ ಗಡುವು ದಾಟಿಹೋಯಿತು, ನಿಯಮ ಬರಲಿಲ್ಲ.

ನಮ್ಮಲ್ಲಿ ಕಾರಿಗೆ ಕಡ್ಡಾಯ ಇರುವುದು ಬೇರೆ. 2019ರ ಜುಲೈ 1ರಿಂದ ತಯಾರಾದ ಕಾರು 80 ದಾಟಿದರೆ ಆಗಾಗ ಬೀಪ್ ಅನ್ನಬೇಕು, 120 ದಾಟಿದರೆ ಬಿಡದೆ ಬೀಪ್ ಅನ್ನಬೇಕು. ಅಷ್ಟೇ. ಆ ಬೀಪ್ ಯಾರಿಗೂ ಫೋನ್ ಮಾಡಲ್ಲ.

ಹರೀಶ್ (ಗೋಕುಲಂ): ಸ್ವಲ್ಪ ತಿದ್ದುಪಡಿ. ಆ ಕಾಯ್ದೆಯಲ್ಲಿ ಗಾಡಿ ಓಡುವುದನ್ನು "ತಡೆಯಬೇಕು ಅಥವಾ ಮಿತಿಗೊಳಿಸಬೇಕು" ಅಂತ ಸ್ಪಷ್ಟವಾಗಿದೆ. ಅದು ಕಿಲ್ ಸ್ವಿಚ್ ಅಲ್ಲದೆ ಇನ್ನೇನು?

ಯೋಗೇಶ್: ತಡೆಯುವುದು ಕಾರಿನೊಳಗಿನ ಕಂಪ್ಯೂಟರ್. ಪೊಲೀಸರ ಕೈಗೆ ಬಟನ್ ಕೊಡಿ ಅಂತ ಅದರಲ್ಲಿಲ್ಲ. ಫಾರ್ವರ್ಡ್‌ನಲ್ಲಿ ಇರುವುದು ಪೊಲೀಸರ ಬಟನ್.

ಹರೀಶ್ (ಗೋಕುಲಂ): ಇವತ್ತು ಕಂಪ್ಯೂಟರ್, ನಾಳೆ ಪೊಲೀಸ್. ಯೂರೋಪಲ್ಲೂ 2024ರ ಜುಲೈನಿಂದ ಎಲ್ಲ ಹೊಸ ಕಾರಿಗೆ ಸ್ಪೀಡ್ ಎಚ್ಚರಿಕೆ, ಅಪಘಾತದ ಡೇಟಾ ರೆಕಾರ್ಡರ್ ಕಡ್ಡಾಯ ಆಗಿದೆ.

ಯೋಗೇಶ್: ಆಗಿದೆ. ಆ ಸ್ಪೀಡ್ ಎಚ್ಚರಿಕೆಯನ್ನು ಡ್ರೈವರ್ ಆಫ್ ಮಾಡಬಹುದು, ಗಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ತಾನೇ ಆನ್ ಆಗುತ್ತದೆ. ನಾಳೆ ಏನಾಗುತ್ತದೆ ಎಂದು ಕೇಳಿದರೆ ನಾನು ಜ್ಯೋತಿಷಿ ಅಲ್ಲ, ಎಲೆಕ್ಟ್ರಿಷಿಯನ್.

ಮಂಜುಳಾ (ವಿಜಯನಗರ): ಯೋಗೇಶ್ ಸಾರ್, ನಮ್ಮ ಕಾರಿಗೆ ಆ್ಯಪ್ ಇದೆ. ಮನೆಯಿಂದಲೇ ಎಸಿ ಆನ್ ಮಾಡಬಹುದು. ಹಾಗಾದರೆ ಕಂಪನಿಯವರು ಆಫ್ ಕೂಡ ಮಾಡಬಹುದಲ್ವಾ?

ಯೋಗೇಶ್: ಒಳ್ಳೆ ಪ್ರಶ್ನೆ ಮೇಡಂ. ಹೌದು, ಕೆಲವು ಕಾರುಗಳಲ್ಲಿ ಮಾಡಬಹುದು. ಒಳಗೆ ಸಿಮ್ ಇರುವ ಕಾರುಗಳು ನಮ್ಮಲ್ಲಿ 2019ರಿಂದ ಜಾಸ್ತಿಯಾದವು. ಗಾಡಿ ಕಳುವಾಗಿ ನೀವು ಪೊಲೀಸ್ ದೂರು ಕೊಟ್ಟರೆ ಕಂಪನಿ ಅದನ್ನು ಮತ್ತೆ ಸ್ಟಾರ್ಟ್ ಆಗದಂತೆ ಮಾಡುತ್ತದೆ. ಬ್ರೋಷರಿನಲ್ಲಿ ಅದನ್ನು ಸೌಲಭ್ಯ ಅಂತಲೇ ಬರೆದು ಮಾರುತ್ತಾರೆ, ನಾವೂ ದುಡ್ಡು ಕೊಟ್ಟು ತಗೊಳ್ಳುತ್ತೇವೆ. ಸರ್ಕಾರ ಕಡ್ಡಾಯ ಮಾಡಿದ್ದಲ್ಲ.

ಭಯಪಡಲೇಬೇಕು ಅಂದರೆ ಇದಕ್ಕೆ ಭಯಪಡಿ: ಕಾರು ಮಾರುವಾಗ ಆ್ಯಪ್‌ನಿಂದ ನಿಮ್ಮ ಅಕೌಂಟ್ ತೆಗೆಸಿ. ಸೆಕೆಂಡ್ ಹ್ಯಾಂಡ್ ತಗೊಂಡರೆ ಹಳೇ ಮಾಲೀಕರದ್ದು ತೆಗೆಸಿ. ಗಾಡಿ ಮಾರಿ ಎಷ್ಟೋ ತಿಂಗಳಾದರೂ ಅದು ಯಾವ ಬೀದಿಯಲ್ಲಿದೆ ಎಂದು ಹಳಬರ ಫೋನಲ್ಲಿ ಕಾಣುತ್ತಿರುತ್ತದೆ. ಇದನ್ನು ಯಾರೂ ಕೇಳಲ್ಲ.

ಪ್ರಕಾಶ್ (ಶ್ರೀರಂಗಪಟ್ಟಣ): ಸಾರ್ ಫಾಸ್ಟ್ಯಾಗಿಂದ ನಮ್ಮನ್ನು ಟ್ರ್ಯಾಕ್ ಮಾಡ್ತಾರಂತೆ ಹೌದಾ?

ಯೋಗೇಶ್: ಅದರಲ್ಲಿ ಬ್ಯಾಟರಿ ಇಲ್ಲ, ಜಿಪಿಎಸ್ ಇಲ್ಲ. ಟೋಲ್‌ನ ರೀಡರ್ ಮುಂದೆ ಹೋದಾಗ ಮಾತ್ರ ಓದಿಸಿಕೊಳ್ಳುತ್ತದೆ. ಗಣಂಗೂರು ಟೋಲ್ ದಾಟಿದ್ದು ಗೊತ್ತಾಗುತ್ತದೆ, ಆಮೇಲೆ ಯಾರ ಮನೆಗೆ ಹೋದಿರಿ ಅಂತ ಗೊತ್ತಾಗಲ್ಲ.

ರಾಮಕೃಷ್ಣ (ಸರಸ್ವತೀಪುರಂ): ಎಲ್ಲರ ಗಮನಕ್ಕೆ. ನನ್ನ ಸ್ನೇಹಿತರೊಬ್ಬರು ಕಳಿಸಿದ್ದು, ಬಹಳ ಉಪಯುಕ್ತ ಮಾಹಿತಿ. 1) ಜಿಪಿಎಸ್ ಬಾಕ್ಸ್ ಮೇಲೆ ಸ್ಪೀಕರ್ ಮ್ಯಾಗ್ನೆಟ್ ಇಟ್ಟರೆ ಅದು ಕೆಲಸ ಮಾಡುವುದಿಲ್ಲ. 2) ಫಾಸ್ಟ್ಯಾಗ್‌ಗೆ ಅಲ್ಯೂಮಿನಿಯಂ ಹಾಳೆ ಸುತ್ತಿ. 3) ಸಿಗ್ನಲ್ ತಡೆಯುವ ಜ್ಯಾಮರ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದನ್ನು ಲೈಟರ್ ಸಾಕೆಟ್‌ಗೆ ಹಾಕಿ. 4) ಡ್ಯಾಶ್‌ಬೋರ್ಡ್ ಕೆಳಗಿನ 7.5 ಆಂಪ್ ಫ್ಯೂಸ್ ಕಿತ್ತುಹಾಕಿ.

ಯೋಗೇಶ್: ಸಾರ್, ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಮ್ಯಾಗ್ನೆಟ್‌ನಿಂದ ಜಿಪಿಎಸ್‌ಗೆ ಏನೂ ಆಗಲ್ಲ. ಜ್ಯಾಮರ್ ಖಾಸಗಿಯವರು ಇಟ್ಟುಕೊಳ್ಳುವುದೇ ಕಾನೂನುಬಾಹಿರ, ಸಿಕ್ಕಿಬಿದ್ದರೆ ಕೇಸ್. ಇನ್ನು 7.5 ಆಂಪ್ ಫ್ಯೂಸ್ ಒಂದೇ ಕಾರಲ್ಲಿ ಹಲವಾರು ಇರುತ್ತವೆ. ಒಂದು ಮಾಡೆಲ್‌ನಲ್ಲಿ ಮೀಟರ್, ಇನ್ನೊಂದರಲ್ಲಿ ಏರ್‌ಬ್ಯಾಗ್. ಏರ್‌ಬ್ಯಾಗ್ ಫ್ಯೂಸ್ ಕಿತ್ತು ಎಕ್ಸ್‌ಪ್ರೆಸ್‌ವೇಗೆ ಹೋಗಿ ಏನಾದರೂ ಆದರೆ ನಿಮ್ಮ ಸ್ನೇಹಿತರು ಜವಾಬ್ದಾರಿ ತಗೊಳ್ತಾರಾ ಕೇಳಿ.

ರಾಮಕೃಷ್ಣ (ಸರಸ್ವತೀಪುರಂ): ನಾನು ಒಳ್ಳೆಯ ಉದ್ದೇಶದಿಂದ ಹಾಕಿದ್ದು. ಸರಿ ಇಲ್ಲದಿದ್ದರೆ ಬಿಡಿ.

ನಾಗರಾಜು (ಮದ್ದೂರು): ಯೋಗೇಶಣ್ಣ, ನನ್ನದೊಂದು ಕೇಸ್ ನೋಡಿ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ. ಮೊನ್ನೆ ಮಂಡ್ಯ ಬೈಪಾಸ್‌ನಲ್ಲಿ 90ರಲ್ಲಿ ಹೋಗ್ತಿರಬೇಕಾದರೆ ಇದ್ದಕ್ಕಿದ್ದಂತೆ ಎಂಜಿನ್ ಆಫ್. ಹಿಂದೆ ಲಾರಿ. ಮೀಟರ್ ಲೈಟೆಲ್ಲ ಉರೀತಿತ್ತು, ಸೆಲ್ಫ್ ಹೊಡೆದರೆ ತಿರುಗ್ತಿತ್ತು, ಸ್ಟಾರ್ಟ್ ಆಗ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ತಾನೇ ಸ್ಟಾರ್ಟ್ ಆಯ್ತು. ಮನೆಗೆ ಬಂದು ಸ್ಟೀರಿಂಗ್ ಕೆಳಗೆ ಕೈ ಹಾಕಿದರೆ ಟೇಪ್ ಸುತ್ತಿದ ಕಪ್ಪು ಡಬ್ಬಿ, ಪಕ್ಕದಲ್ಲಿ ಒಂದು ಚೌಕದ ರಿಲೇ. ಇದು ಆ ಕಿಲ್ ಸ್ವಿಚ್ಚೇನಾ? ಕತ್ತರಿಸಿ ಬಿಸಾಕ್ಲಾ?

ಯೋಗೇಶ್: ಕತ್ತರಿಸಬೇಡಿ. ಪೂರ್ತಿ ಓದಿ.

ಮೊದಲು ಪ್ರಾಣದ ವಿಷಯ. ಓಡುವಾಗ ಎಂಜಿನ್ ನಿಂತರೆ ಸ್ಟೀರಿಂಗ್ ಭಾರವಾಗಬಹುದು, ಬ್ರೇಕಿನ ಬಲವೂ ಒಂದೆರಡು ಸಲ ತುಳಿಯುವಷ್ಟೇ ಉಳಿಯುತ್ತದೆ. ಅದಕ್ಕೇ ಪಂಪ್ ಹೊಡೆದಂತೆ ತುಳಿಯಬೇಡಿ. ಒಂದೇ ಸಲ ಒತ್ತಿ ಹಿಡಿಯಿರಿ. ಹಜಾರ್ಡ್ ಲೈಟ್ ಹಾಕಿ ಎಡಕ್ಕೆ ತನ್ನಿ. ಗಾಡಿ ನಿಲ್ಲುವ ತನಕ ಕೀ ಲಾಕ್‌ಗೆ ತಿರುಗಿಸಲೇಬೇಡಿ. ನಿಂತ ಮೇಲೆ ಎಲ್ಲರೂ ಇಳಿದು ತಡೆಗೋಡೆಯ ಆಚೆ ಹೋಗಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ.

ಈಗ ಆ ಡಬ್ಬಿ. ಸರ್ಕಾರದ್ದಲ್ಲ. ಸಾಲ ಕೊಟ್ಟವರು ಅಥವಾ ಹಿಂದಿನ ಮಾಲೀಕರು ಹಾಕಿಸಿದ ಟ್ರ್ಯಾಕರ್ ಇರಬೇಕು. ಹೊರಗಡೆ ಹಾಕಿಸುವಾಗ ಫ್ಯೂಯೆಲ್ ಪಂಪಿಗೆ ಹೋಗುವ ವೈರ್ ಕತ್ತರಿಸಿ ನಡುವೆ ರಿಲೇ, ಅಂದರೆ ಕರೆಂಟಿನಿಂದ ಆನ್-ಆಫ್ ಆಗುವ ಸ್ವಿಚ್, ಕೂರಿಸುತ್ತಾರೆ. ರಿಲೇಯ 30ನೇ ಪಿನ್‌ನಿಂದ 87ಎ ಪಿನ್‌ಗೆ ಮಾಮೂಲಿಯಾಗಿ ಕರೆಂಟ್ ಹರಿಯುತ್ತಿರುತ್ತದೆ. ಡಬ್ಬಿಯ ಸಿಮ್‌ಗೆ ಆದೇಶ ಬಂದರೆ ರಿಲೇ 'ಟಕ್' ಅಂದು ಸಂಪರ್ಕ ಬಿಡುತ್ತದೆ. ಪಂಪ್ ನಿಂತಿತು, ಎಂಜಿನ್ ನಿಂತಿತು. ಲೈಟು, ಸೆಲ್ಫು ಎಲ್ಲ ಸರಿಯಾಗೇ ಇರುತ್ತವೆ. ನೀವು ಹೇಳಿದ್ದೂ ಇದೇ.

ಆದರೆ ನನಗೆ ಅನುಮಾನ ಇರುವುದು ಬೇರೆ. ಯಾರೋ ಬೇಕಂತಲೇ ಆಫ್ ಮಾಡಿದ್ದರೆ ಅವರು ಬಿಡುವ ತನಕ ಗಾಡಿ ಸ್ಟಾರ್ಟ್ ಆಗಬಾರದಿತ್ತು. ನಿಮ್ಮದು ತಾನೇ ಸ್ಟಾರ್ಟ್ ಆಯಿತು. ಅಂದರೆ ಆದೇಶ ಬಂದಿರಲಿಕ್ಕಿಲ್ಲ, ಜಾಯಿಂಟ್ ಕೆಟ್ಟಿರಬೇಕು. ವೈರ್ ಸುಮ್ನೆ ತಿರುಚಿ ಟೇಪ್ ಸುತ್ತಿರುತ್ತಾರೆ. ಪಂಪಿನ ಕರೆಂಟೆಲ್ಲ ಅದೇ ಜಾಯಿಂಟ್ ಮೂಲಕ ಹೋಗಬೇಕು. ಬಿಸಿಯಾಗಿ ಸಡಿಲವಾಗುತ್ತದೆ, ತಣ್ಣಗಾದರೆ ಮತ್ತೆ ಕೂರುತ್ತದೆ. ಪ್ಲಾಸ್ಟಿಕ್ ಕರಗಿದ್ದನ್ನು, ಟೇಪು ಸುಟ್ಟು ಕಪ್ಪಾಗಿದ್ದನ್ನು ಅಂಗಡಿಯಲ್ಲಿ ನೋಡುತ್ತಲೇ ಇರುತ್ತೇನೆ. ಬೆಂಕಿ ಹತ್ತುವುದೂ ಇಂಥ ಕಡೆಯೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಮುಂದಿನ ಸಲ ಸ್ಟಾರ್ಟ್ ಆಗದಿದ್ದಾಗ ಕೀ ಆನ್ ಮಾಡಿ, ಸೆಲ್ಫ್ ಹೊಡೆಯಬೇಡಿ. ಹಿಂದಿನ ಸೀಟಿಗೆ ಕಿವಿ ಕೊಡಿ. ಒಂದೆರಡು ಸೆಕೆಂಡ್ 'ಜುಂಯ್' ಅನ್ನುವ ಸದ್ದು ಬಂದರೆ ಪಂಪ್‌ಗೆ ಕರೆಂಟ್ ಬರುತ್ತಿದೆ, ತೊಂದರೆ ಬೇರೆ ಕಡೆ. ಸದ್ದೇ ಇಲ್ಲದಿದ್ದರೆ ಆ ರಿಲೇ ಮೇಲೆಯೇ ಅನುಮಾನ. ಗಾಡಿಯನ್ನು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಬೇಡಿ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದೆಯಾ ನೋಡಿ ಹೇಳಿ.

ಕಿರಣ್ (ಮಂಡ್ಯ ಕಲ್ಲಹಳ್ಳಿ): ಇಷ್ಟುದ್ದ ಯಾಕೆ ಗುರು. ಎರಡು ವೈರ್ ಕಟ್ ಮಾಡಿ ನೇರ ಸೇರಿಸಿದರೆ ಆಯ್ತು. ನಾನೇ ಮಾಡಿದ್ದೀನಿ.

ಯೋಗೇಶ್: ಯಾವ ಎರಡು?

ಕಿರಣ್ (ಮಂಡ್ಯ ಕಲ್ಲಹಳ್ಳಿ): ಕೆಂಪು ಮತ್ತೆ ಹಳದಿ.

ಯೋಗೇಶ್: ಸ್ಟೀರಿಂಗ್ ಕೆಳಗೆ ಹಳದಿ ಕನೆಕ್ಟರ್, ಹಳದಿ ಕವಚ ಅಂದರೆ ಸಾಮಾನ್ಯವಾಗಿ ಏರ್‌ಬ್ಯಾಗಿನದು. ನಾಗರಾಜು, ಇವರ ಮಾತು ಕೇಳಿ ಕತ್ತರಿ ಹಿಡಿಯಬೇಡಿ.

ಅನಿತಾ (ಜಯಲಕ್ಷ್ಮೀಪುರಂ): ಸಾರ್, ಫಾಸ್ಟ್ಯಾಗ್‌ನಿಂದ ಟ್ರ್ಯಾಕ್ ಮಾಡಬಹುದಾ?

ಯೋಗೇಶ್: ಮೇಲೆ ಹೇಳಿದೆ.

ಮಹೇಶ (ಹಳದಿ ಬೋರ್ಡ್, ಮೈಸೂರು): ಎಲ್ಲ ಬಿಳಿ ಬೋರ್ಡ್‌ನವರೇ ಮಾತಾಡ್ತಿದ್ದೀರಿ. ನಮಗೆ ಯಾವತ್ತೋ ಬಂದಿದೆ. ಸ್ಪೀಡ್ ಗವರ್ನರ್ 80ಕ್ಕೆ, ಅದರ ಮೇಲೆ ಟ್ರ್ಯಾಕರ್, ಪ್ಯಾನಿಕ್ ಬಟನ್. ಹಾಕಿಸದಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇಲ್ಲ. ನಮ್ಮ ದುಡ್ಡು ಹೋಯ್ತು. ಅದನ್ನು ಯಾರೂ ಕೇಳಲಿಲ್ಲ.

ಯೋಗೇಶ್: ನಿಜ ಮಹೇಶಣ್ಣ. ಸರ್ಕಾರ ಕಡ್ಡಾಯ ಮಾಡಿದ ಟ್ರ್ಯಾಕರ್ ಅಂತ ನಮ್ಮಲ್ಲಿ ಇರುವುದು ನಿಮ್ಮಂಥ ಹಳದಿ ಬೋರ್ಡ್ ಗಾಡಿಗಳಲ್ಲೇ. ಎಐಎಸ್-140 ಅಂತ ಅದರ ಮಾನದಂಡದ ಹೆಸರು. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸಾರಿಗೆ ವಾಹನಗಳಿಗೆ ಬೇಕು. ಆಟೋ, ಇ-ರಿಕ್ಷಾಗೆ ಬೇಡ. ಅದು ಗಾಡಿ ಎಲ್ಲಿದೆ ಅಂತ ಹೇಳುತ್ತದೆ. ಎಂಜಿನ್ ಆಫ್ ಮಾಡಲೇಬೇಕು ಅಂತ ಆ ಮಾನದಂಡದಲ್ಲಿಲ್ಲ.

ಮಂಜುಳಾ (ವಿಜಯನಗರ): ಪ್ಯಾನಿಕ್ ಬಟನ್ ಇರುವುದು ನಮ್ಮಂಥವರಿಗೆ ಸ್ವಾಮಿ. ನನ್ನ ಮಗಳು ರಾತ್ರಿ ಸ್ಟೇಷನ್‌ನಿಂದ ಕ್ಯಾಬ್‌ನಲ್ಲಿ ಬರುತ್ತಾಳೆ. ಅದಕ್ಕೂ ಅಳೋದಾ?

ಮಹೇಶ (ಹಳದಿ ಬೋರ್ಡ್, ಮೈಸೂರು): ಅಳ್ತಿಲ್ಲ ಮೇಡಂ. ಮಕ್ಕಳು ಆಟಕ್ಕೆ ಒತ್ತಿದರು, ಯಾರೂ ಫೋನ್ ಮಾಡಲಿಲ್ಲ. ಕೆಲಸ ಮಾಡದ ಬಟನ್‌ಗೆ ನಾವು ಯಾಕೆ ದುಡ್ಡು ಕೊಡಬೇಕು?

ಮಂಜುಳಾ (ವಿಜಯನಗರ): ಹಾಗಾದರೆ ಕೆಲಸ ಮಾಡುವ ಹಾಗೆ ಮಾಡಿ ಅಂತ ಕೇಳಿ. ತೆಗೀರಿ ಅಂತ ಯಾಕೆ?

ಹರೀಶ್ (ಗೋಕುಲಂ): ಇದೇ ನೋಡಿ. ಸುರಕ್ಷತೆ ಹೆಸರಲ್ಲಿ ಶುರುವಾಗುತ್ತದೆ, ಆಮೇಲೆ ಎಲ್ಲರ ಮೇಲೂ ಕಣ್ಣು.

ಮಹೇಶ (ಹಳದಿ ಬೋರ್ಡ್, ಮೈಸೂರು): ನೀವು ಎಸಿ ರೂಮಲ್ಲಿ ಕೂತು ಮಾತಾಡಿ ಸಾರ್. ಎಫ್‌ಸಿಗೆ ಲೈನ್ ನಿಲ್ಲೋದು ನಾವು.

ಹರೀಶ್ (ಗೋಕುಲಂ): ನಾನು ನಿಮ್ಮ ಪರವಾಗಿಯೇ ಹೇಳಿದ್ದು!

ಅಡ್ಮಿನ್: ಸಮಾಧಾನ, ಸಮಾಧಾನ.

ಪುಟ್ಟಸ್ವಾಮಿ (ಪಾಂಡವಪುರ): ಟ್ರ್ಯಾಕ್ಟರ್‌ಗೂ ಇದು ಬರುತ್ತಾ? ಕಬ್ಬು ಸಾಗಿಸೋ ಟೈಮಲ್ಲಿ ಗಾಡಿ ನಿಂತರೆ ಏನು ಮಾಡೋದು?

ಸುರೇಶ್ (ಕುವೆಂಪುನಗರ): ನಮ್ಮ ಎಕ್ಸ್‌ಪ್ರೆಸ್‌ವೇನಲ್ಲಿ ಸ್ಯಾಟಲೈಟ್ ಟೋಲ್ ಬರುತ್ತಂತಲ್ಲ, ಅದಕ್ಕೆ ಕಾರೊಳಗೆ ಡಬ್ಬಿ ಹಾಕಬೇಕಂತೆ?

ಯೋಗೇಶ್: ಇದು ಪೂರ್ತಿ ಗಾಳಿಮಾತಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ 275ರಲ್ಲಿ ಪ್ರಾಯೋಗಿಕವಾಗಿ ಮಾಡಿ ನೋಡಿದರು. 2024ರ ಸೆಪ್ಟೆಂಬರ್‌ನಲ್ಲಿ ನಿಯಮಕ್ಕೂ ತಿದ್ದುಪಡಿ ಬಂತು: ಡಬ್ಬಿ ಇರುವ ಗಾಡಿಗೆ ದಿನಕ್ಕೆ ಮೊದಲ 20 ಕಿಲೋಮೀಟರ್ ಉಚಿತ. 2025ರ ಮೇ 1ರಿಂದ ದೇಶದಲ್ಲೆಲ್ಲ ಶುರು ಅಂತ ಸುದ್ದಿ ಹಬ್ಬಿದಾಗ, ಹಾಗೇನೂ ತೀರ್ಮಾನ ಆಗಿಲ್ಲ ಎಂದು ಸಚಿವಾಲಯವೇ ಹೇಳಿತು. ಹರೀಶ್ ಅವರ ಹೆದರಿಕೆಗೆ ಅರ್ಥ ಇದ್ದರೆ ಇಲ್ಲಿ ಇದೆ. ದುಡ್ಡು ಲೆಕ್ಕ ಹಾಕಲು ಗಾಡಿ ಓಡಿದ ದಾರಿ ಬೇಕೇ ಬೇಕು. ಆ ದಾರಿಯ ಮಾಹಿತಿ ಯಾರ ಹತ್ತಿರ, ಎಷ್ಟು ದಿನ ಇರುತ್ತದೆ ಅಂತ ಕೇಳಿ. ಬಟನ್ ಹುಡುಕಬೇಡಿ.

ಹರೀಶ್ (ಗೋಕುಲಂ): ಅದನ್ನೇ ಬೆಳಗ್ಗೆಯಿಂದ ಹೇಳ್ತಿರೋದು.

ಯೋಗೇಶ್: ಬೆಳಗ್ಗೆಯಿಂದ ಅಮೆರಿಕದ ಪೊಲೀಸ್ ಅಂತಿದ್ದಿರಿ.

ಕಿರಣ್ (ಮಂಡ್ಯ ಕಲ್ಲಹಳ್ಳಿ): ಡಬ್ಬಿ ಇಲ್ಲದಿದ್ದರೆ ಯಾರೂ ಹಿಡಿಯಕ್ಕಾಗಲ್ಲ. ನಾನು 140ರಲ್ಲಿ ಹೋಗ್ತೀನಿ.

ಯೋಗೇಶ್: ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇದೆ, ಕಾರಿನೊಳಗೆ ಏನೂ ಬೇಕಿಲ್ಲ. ನಮ್ಮ ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ಮಿತಿ 100. 130 ದಾಟಿದರೆ 2024ರ ಆಗಸ್ಟ್‌ನಿಂದ ಎಫ್‌ಐಆರ್. 140ರಲ್ಲಿ ಹೋಗ್ತೀನಿ ಅಂತ ನೀವೇ ಗುಂಪಿನಲ್ಲಿ ಬರೆದುಕೊಟ್ಟಿದ್ದೀರಿ.

ಶಶಿಕಲಾ (ಮಂಡ್ಯ): ಹದಿನೈದು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗುತ್ತೆ. ಹೊಸ ಬ್ಯಾಟರಿ ಹಾಕಿದೆವು, ಅದೂ ಹಾಗೇ. ನಮಗೂ ಟ್ರ್ಯಾಕರ್ ಇದೆ. ಅದರಿಂದಾನಾ?

ಯೋಗೇಶ್: ಆಗಿರಬಹುದು ಮೇಡಂ. ಲಾಕ್ ಮಾಡಿ ನಿಂತ ಕಾರು ಸಾಮಾನ್ಯವಾಗಿ 50 ಮಿಲಿ ಆಂಪ್ ಒಳಗೇ ಎಳೆಯಬೇಕು. ಕೆಟ್ಟ ಟ್ರ್ಯಾಕರ್ ಸೇರಿ 100 ಎಳೆದರೆ 35 ಆಂಪ್ ಅವರ್ ಬ್ಯಾಟರಿ ಸುಮಾರು 350 ಗಂಟೆಗೆ ಖಾಲಿ. ಅಂದರೆ ನಿಮ್ಮ ಹದಿನೈದು ದಿನವೇ. ಬ್ಯಾಟರಿ ಮತ್ತೆ ಕೊಳ್ಳುವ ಮುಂಚೆ ಮೀಟರ್ ಹಿಡಿದು ಅಳೆಸಿ.

ಲೋಕೇಶ್ (ನಂಜನಗೂಡು): ಫಾಸ್ಟ್ಯಾಗ್...

ಯೋಗೇಶ್: ಇಲ್ಲ. ಇಲ್ಲ. ಇಲ್ಲ.

ಲೋಕೇಶ್ (ನಂಜನಗೂಡು): ಪ್ರಶ್ನೆ ಕೇಳೋಕೆ ಬಿಡಿ ಸಾರ್, ಎರಡು ಗಾಡಿಗೆ ಒಂದೇ ಫಾಸ್ಟ್ಯಾಗ್ ಹಾಕಬಹುದಾ ಅಂತ.

ಯೋಗೇಶ್: ಒಂದು ಗಾಡಿಗೆ ಒಂದು.

ರಾಮಕೃಷ್ಣ (ಸರಸ್ವತೀಪುರಂ): ಇನ್ನೊಂದು ಮಾಹಿತಿ ಬಂದಿದೆ. ಎಸ್‌ಒಎಸ್ ಬಟನ್ ಮೇಲೆ ಕಪ್ಪು ಟೇಪ್ ಅಂಟಿಸಿದರೆ...

ಅಡ್ಮಿನ್: ರಾಮಕೃಷ್ಣ ಸಾರ್, ನಾಳೆ ತನಕ ಫಾರ್ವರ್ಡ್ ಬೇಡ.

ನಾಗರಾಜು (ಮದ್ದೂರು): ಯೋಗೇಶಣ್ಣ, ಆರ್‌ಸಿ ನೋಡಿದೆ. ಫೈನಾನ್ಸ್‌ನವರ ಹೆಸರು ಇನ್ನೂ ಇದೆ. ಮಾರಿದವರು ಸಾಲ ತೀರಿದೆ ಅಂದಿದ್ದರು. ಇವತ್ತು ಸಂಜೆ ಮತ್ತೆ ಸ್ಟಾರ್ಟ್ ಆಗಲಿಲ್ಲ. ಕೀ ಆನ್ ಮಾಡಿ ಕಿವಿ ಕೊಟ್ಟೆ, ಹಿಂದೆ ಸದ್ದೇ ಇಲ್ಲ. ಡಬ್ಬಿ ಹತ್ತಿರದ ಟೇಪ್ ಮುಟ್ಟಿದರೆ ಬಿಸಿ ಇತ್ತು.

ಯೋಗೇಶ್: ಬಿಸಿ ಇತ್ತು ಅಂದರೆ ಆ ಗಾಡಿ ಇನ್ನು ಓಡಿಸಬೇಡಿ. ರಾತ್ರಿ ಬ್ಯಾಟರಿಯ ಮೈನಸ್ ಟರ್ಮಿನಲ್ ತೆಗೆದಿಡಿ. ಡಬ್ಬಿಯೊಳಗೆ ಸಣ್ಣ ಬ್ಯಾಟರಿ ಇರುತ್ತದೆ, ಕರೆಂಟ್ ಹೋಯಿತು ಅಂತ ಅದು ಯಾರಿಗೋ ಮೆಸೇಜ್ ಕಳಿಸಬಹುದು. ಯಾರಾದರೂ ಫೋನ್ ಮಾಡಿದರೆ ಒಳ್ಳೆಯದೇ, ಡಬ್ಬಿ ಯಾರದ್ದು ಅಂತ ಗೊತ್ತಾಗುತ್ತದೆ.

ಸಾಲ ನಿಜವಾಗಿ ತೀರಿದ್ದರೆ ಮಾರಿದವರ ಮೂಲಕ ಫೈನಾನ್ಸ್‌ನವರ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಪತ್ರ) ತಗೊಂಡು ಫಾರ್ಮ್ 35 ಜೊತೆ ಆರ್‌ಟಿಒಗೆ ಕೊಡಿ, ಆ ಹೆಸರು ತೆಗೆಯುತ್ತಾರೆ. ತೀರಿಲ್ಲದಿದ್ದರೆ ಗಾಡಿ ಮೇಲೆ ಅವರ ಹಕ್ಕು ಇನ್ನೂ ಇದೆ. ನೀವಾಗಿ ಡಬ್ಬಿ ಕಿತ್ತರೆ ತಕರಾರು ನಿಮ್ಮ ತಲೆಗೇ ಬರುತ್ತದೆ. ವಕೀಲರನ್ನು ಒಮ್ಮೆ ಕೇಳಿ. ಸುಟ್ಟ ಜಾಯಿಂಟ್ ಸರಿಮಾಡುವುದು ಬೇರೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಫೋಟೋ ತೆಗೆದಿಟ್ಟು ಬೆಳಗ್ಗೆ ಟೋ ಮಾಡಿಸಿ ತನ್ನಿ.

ನಾಗರಾಜು (ಮದ್ದೂರು): ಸರಿ ಅಣ್ಣ. ಎಷ್ಟಾಗಬಹುದು?

ಯೋಗೇಶ್: ಗಾಡಿ ನೋಡದೆ ರೇಟ್ ಹೇಳಲ್ಲ. ಒಂಬತ್ತೂವರೆಗೆ ಅಂಗಡಿ ತೆಗೆಯುತ್ತೇನೆ.

ಕಿರಣ್ (ಮಂಡ್ಯ ಕಲ್ಲಹಳ್ಳಿ): ಅಂಗಡಿಗೆ ಗಿರಾಕಿ ಸಿಕ್ತು ಬಿಡಿ.

ಯೋಗೇಶ್: ನಿಮ್ಮ ಗಾಡಿಯನ್ನೂ ತನ್ನಿ, ಹಳದಿ ವೈರ್ ಯಾವುದು ಕತ್ತರಿಸಿದ್ದೀರಿ ನೋಡೋಣ.

ಅಡ್ಮಿನ್: ಕಾಮೆಂಟ್ ಮುಚ್ಚಿದ್ದೇನೆ.